ವಿಷಯ ಐದು: ಗಾಡಿ

ಗುಳೇದಗುಡ್ಡದ ನಮ್ಮ ಸಭೆಯ ನಡಾವಳಿ ಪುಸ್ತಕ
ಹದಿನಾರು ವರ್ಷದಿಂದ ನನ್ನ ಅಕ್ಷರದಲ್ಲಿದೆ.
ಗಂಟೆಯ ಹಗ್ಗ ಜೀರ್ಣವಾಗಿದ್ದು, ಬದಲಿಸಲು ಒಪ್ಪಲಾಯಿತು.
ಬೆಳೆಹಬ್ಬದ ಹರಾಜಿನ ಬಾಕಿ ವಸೂಲಿಗೆ ತೀರ್ಮಾನಿಸಲಾಯಿತು
(ಒಂದು ಕೋಳಿಮೊಟ್ಟೆಗೆ ಮುನ್ನೂರು ಕೂಗಿ
ಮೊಟ್ಟೆ ಒಯ್ದು ದುಡ್ಡು ಮರೆತವರಿದ್ದಾರೆ).
ಲಾಯಿತು, ಲಾಯಿತು, ಲಾಯಿತು,
ಕುಣಿಮಗ್ಗದ ಸಪ್ಪಳದ ಹಾಗೆ.
ಯಾರು ಮಾಡಿದರು ಎಂಬುದು ಇರುವುದಿಲ್ಲ ಅದರಲ್ಲಿ.
ಯಾರು ತಲೆ ತಗ್ಗಿಸಿದರು ಎಂಬುದಂತೂ.

ಆ ಆಗಸ್ಟಿನಲ್ಲಿ ಮಲಪ್ರಭೆ ದಂಡೆ ಮೀರಿದಳು.
ಹೊಳೆಸಾಲಿನ ಮಂದಿ ಟ್ರ್ಯಾಕ್ಟರಿನಲ್ಲಿ ಬಂದಿಳಿದರು
ನಮ್ಮ ಶಾಲೆಯ ಮೂರು ಕೋಣೆಗೆ,
ಆಡು, ಕೌದಿ, ವೈರು ಕಿತ್ತ ಒಂದು ಟಿವಿಯೊಂದಿಗೆ.
ಸಲೋಮವ್ವ ಹಿಡಿಜ್ವಾಳದ ಚೀಲ ಬಿಚ್ಚಿದಳು.

ಗಿರಣಿಗೆ ಒಯ್ಯುವ ಮುನ್ನ, ಮೊರದಲ್ಲಿ ಹಸನು ಮಾಡುವಾಗ
ಒಂದು ಹಿಡಿ ಬೇರೆ ಡಬ್ಬಿಗೆ.
ಖಣ ನೇಯುವ ಮನೆಯದು, ಮಗ್ಗ ಮಾರಿದ ಮನೆಯದು,
ಭಾನುವಾರ ಎಲ್ಲ ಒಂದೇ ಚೀಲಕ್ಕೆ.
ಯಾರ ಮುಷ್ಟಿ ಎಷ್ಟು ದೊಡ್ಡದು
ಬರೆದಿಡುವ ಪದ್ಧತಿಯಿಲ್ಲ.

ಮೂರನೇ ವಾರ ನೀಲಗಂಗವ್ವ ತೀರಿಕೊಂಡಳು.
ಹಿರಿಯರ ಸಭೆ ನಡೆದಿತ್ತು.
ಮಗ ಸಂಗನಬಸು ಬಾಗಿಲಾಚೆ ಚಪ್ಪಲಿ ಬಿಟ್ಟು ನಿಂತ.
‘ನಿಮ್ಮ ಗಾಡಿ ಬೇಕಾಗಿತ್ರಿ.’

ಗಾಡಿ ಯೋಬಪ್ಪ ಬೆಸೆದದ್ದು. ಸ್ಕೂಟರಿನ ನಾಲ್ಕು ಗಾಲಿ,
ಮುಂದೊಂದು ಶಿಲುಬೆ,
ಒಬ್ಬರು ಮಲಗುವಷ್ಟು ಉದ್ದ.
ನಿಯಮ ಏಳು: ಸದಸ್ಯರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ.
ಬರೆದವನು ನಾನು.
ಅಂದು ಗಟ್ಟಿಯಾಗಿ ಓದಿದವನೂ ನಾನೇ.

ದೇವಪುತ್ರ ಮಾಸ್ತರರು ಕೆಮ್ಮಿದರು.
‘ನಾಳೆ ಯಾರರ ಬಂದು, ಶಿಲುಬಿ ಮುಂದ ಮಾಡಿ
ಯಾಕ ಒಯ್ದ್ರಿ ಅಂತ ಕೇಳಿದ್ರ?’
ಸುಳ್ಳು ಭಯವೇನಲ್ಲ ಅದು.
ಫ್ಯಾನು ತಿರುಗುತ್ತಿತ್ತು.

ಚಹಾ ತಂದ ಸಲೋಮವ್ವ ಕಿಟ್ಲಿ ನೆಲಕ್ಕಿಟ್ಟಳು.
‘ಯಾವ ಪಟ್ಟಿ ಅದು?
ನನ್ನ ಕೋಣಿ ಗ್ವಾಡಿ ಮ್ಯಾಲ ಇದ್ದಲೀಲೆ ಬರದೀನಿ.
ದಿನಕ್ಕ ಒಂದೂವರಿ ರೊಟ್ಟಿ, ಹಲ್ಲಿಲ್ಲ, ಹಾಲಾಗ ನೆನಸಿದ್ದು.
ಇಪ್ಪತ್ತು ದಿನ.
ಆಕಿ ಹೆಸರ ಐತಿ ನನ್ನ ಪಟ್ಯಾಗ.’

ಕಪ್ಪಿಗೆ ಯಾರೂ ಕೈ ಹಾಕಲಿಲ್ಲ.

ಸಂಗನಬಸು ಇನ್ನಷ್ಟು ಕುಗ್ಗಿ ಹೇಳಿದ:
‘ಇನ್ನೊಂದು ಐತ್ರಿ. ನಮ್ಮಲ್ಲಿ ಮಲಗಿಸಿ ಒಯ್ಯಂಗಿಲ್ಲ.
ಕುಂಡ್ರಿಸಬೇಕು.’

ಅದಕ್ಕೆ ನಿಯಮವೇ ಇರಲಿಲ್ಲ, ಪರವೂ ವಿರುದ್ಧವೂ.

ಅಯ್ಯನವರು ಎದ್ದರು.
ಮಾತಾಡಲೆಂದು ತಿಳಿದು ಪೆನ್ನಿನ ಮುಚ್ಚಳ ತೆಗೆದೆ.
ಅವರು ಗುಡಿಯೊಳಗೆ ಹೋಗಿ ತಮ್ಮ ಕುರ್ಚಿ ಹೊತ್ತು ತಂದರು.
ಸಾಗವಾನಿಯದು, ಬೆನ್ನಿಗೆ ದ್ರಾಕ್ಷಿಬಳ್ಳಿ ಕೆತ್ತಿದ್ದು,
ಪೀಠದ ಬದಿಯಲ್ಲಿ ಅವರ ಹೊರತು ಯಾರೂ ಕೂರದ್ದು.
ಯೋಬಪ್ಪ ಗಂಟೆಯ ಹಳೇ ಹಗ್ಗ ತಂದ.
ಜೀರ್ಣವಾಗಿದೆ ಎಂದು ಅದೇ ತಾಸಿನಲ್ಲಿ ಬರೆದಿದ್ದೆ.
ಮೂರು ಸುತ್ತು ಬಿಗಿದ. ಹರಿಯಲಿಲ್ಲ.

ನೀಲಗಂಗವ್ವ ಕುಳಿತಳು.
ಹಣೆ ತುಂಬ ವಿಭೂತಿ, ಮೈತುಂಬ ಸೆರಗು,
ಒಂಚೂರು ಬಲಕ್ಕೆ ವಾಲಿ,
ಪಕ್ಕದವರ ಮಾತಿಗೆ ಕಿವಿಗೊಟ್ಟವಳಂತೆ.
ಮುಂದೆ ಭಜನೆಯವರ ತಾಳ.
ಏರಿನಲ್ಲಿ ಗಾಡಿ ದಬ್ಬಿದ್ದು ನಮ್ಮ ಯುವಕ ಸಂಘದ ಹುಡುಗರು,
ಒಬ್ಬ ಯಾರಿಗೂ ಕೇಳದಂತೆ ತನ್ನ ಕೀರ್ತನೆ ಗುನುಗುತ್ತ.
ಶಿಲುಬೆಗೆ ಯಾರೋ ಚೆಂಡುಹೂವಿನ ಸರ ಹಾಕಿದ್ದರು.
ಮುಚ್ಚಲೆಂದೋ ಸಿಂಗರಿಸಲೆಂದೋ,
ಕೇಳಲಿಲ್ಲ ನಾನು.

ರಾತ್ರಿ ಕೂತು ಬರೆದೆ:
ವಿಷಯ ಐದು. ಗಾಡಿ. ಕೊಡಲಾಯಿತು.

ಭಾನುವಾರ ಕುರ್ಚಿ ತನ್ನ ಜಾಗದಲ್ಲಿತ್ತು.
ಬಲಗೈಯ ಕೆತ್ತನೆಯ ಸಂದಿಯಲ್ಲಿ ಬೂದಿ,
ಒರೆಸಿದರೆ ಇನ್ನಷ್ಟು ಒಳಗೆ ಹೋಗುವಂಥದ್ದು.
ಅಯ್ಯನವರು ಅದರ ಮೇಲೇ ತೋಳಿಟ್ಟು ಕುಳಿತರು.
ಬಿಳಿ ನಿಲುವಂಗಿ. ಯಾರಿಗೂ ಕಾಣಲಿಲ್ಲ.

ಪಾಲಿಶಿಗೆ ಇನ್ನೂರೈವತ್ತು ರೂಪಾಯಿ, ಎಂದು ನಾನು ವಿಷಯ ಮಂಡಿಸಿದೆ.
ಮುಂದಿನ ಸಭೆಗೆ ಮುಂದೂಡಲಾಯಿತು.

ಒಂಬತ್ತು ಸಭೆ ಆದವು.
ಪ್ರತಿ ಸಲ ಅದೇ ಸಾಲು ಬರೆಯುತ್ತೇನೆ,
ಈಚೆಗೆ ಸ್ವಲ್ಪ ನಿಧಾನಕ್ಕೆ.