ಇಬ್ಬರೂ ಒಬ್ಬಳೇ

ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು ನನ್ನ ಮೇಜು.
ಮೇಲೆ ನೀಲಿ ತಾಡಪಾಲು.
ಮೊದಲು ಟೈಪ್‌ರೈಟರು, ಈಗ ಕಂಪ್ಯೂಟರು,
ಕರೆಂಟು ಎದುರಿನ ಜೆರಾಕ್ಸಿನವನದು.
ಇಪ್ಪತ್ತೆಂಟು ವರ್ಷದಿಂದ ಒಂದೇ ವಾಕ್ಯ ಬಡಿಯುತ್ತಿದ್ದೇನೆ:
‘ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ.’
ಏನೆಂದರೆ ಎಂಬುದು ಮಾತ್ರ
ದಿನಾ ಬೇರೆ.

ನಿನ್ನೆ ಚಮನ್‌ಸಾಬರು ಬಂದಿದ್ದರು, ಮಂಡಕ್ಕಿ ಭಟ್ಟಿಯವರು,
ಹುಬ್ಬಿನ ಮೇಲೆಲ್ಲ ಹೊಟ್ಟಿನ ಬೂದಿ.
ದುಬೈಗೆ ನಲವತ್ತು ಚೀಲ ಹೋಗಬೇಕು,
ಅಲ್ಲಿಯವರು ಕೇಳುತ್ತಾರಂತೆ: ಇದು ಹುಟ್ಟಿದ್ದೆಲ್ಲಿ?
‘ಬೆಂಕ್ಯಾಗ ಹುಟ್ಟೈತೆ ಅಂತ ಬರಿಯವ್ವ ಕೊಟ್ರಮ್ಮ’ ಅಂದರು.
ನಾನು ದಾವಣಗೆರೆ ಎಂದು ಬಡಿದೆ.

ಇವತ್ತು ಜಗಳೂರಿನ ಮೊದಲ ಬಸ್ಸಿಗೆ ತಾಯಿ, ಮಗಳು.
ಮಗಳು ನರ್ಸು. ಮಸ್ಕತ್ತಿನ ಆಸ್ಪತ್ರೆ ಕರೆದಿದೆ.
ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ತೆಗೆದಳು
ಗಾಯದ ಪಟ್ಟಿ ಬಿಚ್ಚುವ ಹಾಗೆ.
ರೇಷನ್ ಕಾರ್ಡಿನಲ್ಲಿ ತಿಪ್ಪಮ್ಮ.
ಶಾಲೆಯ ಟೀಸಿಯಲ್ಲಿ ತಿಪ್ಪೇರುದ್ರಮ್ಮ.
ನರ್ಸಿಂಗ್ ಸರ್ಟಿಫಿಕೇಟಿನ ಇಂಗ್ಲಿಷಿನಲ್ಲಿ
ಟಿ ಪಕ್ಕ ಒಂದು ಎಚ್,
ಪಾಸ್‌ಪೋರ್ಟಿನಲ್ಲಿ ಎಚ್ ಇಲ್ಲ.
ಸಮುದ್ರಕ್ಕೆ ಅಡ್ಡ ನಿಂತಿದೆ ಆ ಒಂದು ಅಕ್ಷರ,
ಕರೆಯುವಾಗ ಯಾರ ಬಾಯಿಗೂ ಬಾರದ್ದು.

‘ಸದರಿ ಇಬ್ಬರೂ ಒಬ್ಬಳೇ’ ಎಂದು ಬಡಿದು ಓದಿ ಹೇಳಿದೆ.
ತಾಯಿ ಗಾಬರಿಯಾದಳು:
‘ಇಬ್ಬರೆಲ್ಲಿ ಬಂದ್ರವ್ವ? ಹೆತ್ತಿದ್ದೇ ಒಂದು.’
ಆಮೇಲೆ ಸ್ವಲ್ಪ ತಡೆದು,
‘ಅಲ್ಲಿ ಇವಳನ್ನ ಏನಂತ ಕರೀತಾರೆ?’
ಮಗಳೇ ಹೇಳಿದಳು: ‘ಸಿಸ್ಟರ್.’

ಹುಟ್ಟಿದ ತಾರೀಕು ಜೂನ್ ಒಂದು.
ನನ್ನದೂ ಜೂನ್ ಒಂದು. ನಮ್ಮ ಕಡೆ ಅರ್ಧ ಊರು
ಹೆಡ್‌ಮಾಸ್ಟರ ಲೆಕ್ಕಣಿಕೆಯಿಂದಲೇ ಹುಟ್ಟಿದ್ದು.
‘ಜೂನಲ್ಲವ್ವ, ಮೆಕ್ಕೆಜೋಳ ಮುರಿಯೋ ಕಾಲ.
ತೆನೆ ರಾಶಿ ಮ್ಯಾಲೇ ನೋವು ಬಂತು,
ಸೊಂಟಕ್ಕೆ ಗರಿ ಗೀರಿದ್ದು ಇನ್ನೂ ನೆಪ್ಪೈತೆ.’
‘ಸುಮ್ಕಿರಬೇ’ ಎಂದಳು ಮಗಳು.
ಅದಕ್ಕೆ ಕಾಲಂ ಇಲ್ಲ. ಜೂನ್ ಒಂದನ್ನೇ ಬಡಿದೆ.
ಸುಳ್ಳಾದರೂ ಎಲ್ಲ ಕಾಗದದಲ್ಲೂ ಒಂದೇ ಇರುವ ಸುಳ್ಳು,
ಮಸ್ಕತ್ತಿಗೆ ಅಷ್ಟು ಸಾಕು.

ಇನ್ನು ವಕೀಲರು ತಲೆ ಎತ್ತದೆ ಸಹಿ ಹಾಕುತ್ತಾರೆ:
‘ಇವರನ್ನು ನಾನು ಬಲ್ಲೆ.’
ನೋಟರಿ ಕೆಂಪು ಚಕ್ರ ಅಂಟಿಸುತ್ತಾರೆ.
ಬೆಂಗಳೂರಿನಲ್ಲೊಬ್ಬರು ಆ ನೋಟರಿಯ ಸಹಿಯನ್ನು ಬಲ್ಲೆ ಎನ್ನುತ್ತಾರೆ,
ಅವರ ಸಹಿಯನ್ನು ಬಲ್ಲೆ ಎನ್ನಲು ಇನ್ನೂ ಮೇಲೊಬ್ಬರು,
ಅಪೋಸ್ಟಿಲ್ ಎಂಬ ಚೌಕದ ಚೀಟಿ ಹಚ್ಚಿ.
ಓದಿಸಿ ನೋಡಿದ್ದೇನೆ ಒಮ್ಮೆ ಅದನ್ನು:
ಸಹಿ ನಿಜ, ಮುದ್ರೆ ನಿಜ,
ಒಳಗೆ ಬರೆದದ್ದಕ್ಕೆ ನಾವು ಹೊಣೆಯಲ್ಲ.
ಒಬ್ಬರ ಅಂಗಿ ಒಬ್ಬರು ಹಿಡಿದು
ಸಂತೆ ದಾಟುವ ಮಕ್ಕಳ ಹಾಗೆ ಈ ಸಹಿಗಳು.
ಸಾಲಿನ ಕಟ್ಟಕಡೆಗೆ, ಇವಳನ್ನು ನಿಜಕ್ಕೂ ಬಲ್ಲವಳು
ಓದು ಬಾರದೆ ಬೆರಳು ಚಾಚಿ ನಿಂತಿದ್ದಾಳೆ,
ಎಲ್ಲಿ ಒತ್ತಲಿ ಎಂದು ಕೇಳುತ್ತ.

‘ಇಲ್ಲಿ. ಎಡಗೈ ಹೆಬ್ಬೆಟ್ಟು.’
ಮಸುಕಾಯಿತು. ಕಳೆ ಕಿತ್ತು ಕಿತ್ತು ಗೆರೆಗಳೇ ಇಲ್ಲ.
ಎರಡನೆಯದೂ ಬರೀ ಕರಿ ಮಚ್ಚೆ.
ಮಗಳು ಅವಳ ಕೈ ತೆಗೆದುಕೊಂಡಳು,
ನಾಡಿ ನೋಡುವ ಹಿಡಿತದಲ್ಲಿ,
ಬೆರಳನ್ನು ಆ ಬದಿಯಿಂದ ಈ ಬದಿಗೆ ಮೆಲ್ಲಗೆ ಉರುಳಿಸಿದಳು.
ಮೂಡಿತು.

ಮುನ್ನೂರೈವತ್ತು ಎಂದೆ. ಮುನ್ನೂರು ಕೊಟ್ಟರು, ಸರಿ.
ಎದ್ದು ಹೋಗುವಾಗ ತಾಯಿ ಬೆರಳಿನ ಮಸಿಯನ್ನು
ತಲೆಗೂದಲಿಗೆ ಒರೆಸಿಕೊಂಡಳು, ಕಿವಿಯ ಪಕ್ಕದ ನರೆಗೆ.
ಯಾವ ಕಚೇರಿಯೂ ಕೇಳದ ಆ ಗುರುತು
ಹನ್ನೆರಡೂವರೆ ಬಸ್ಸಿನಲ್ಲಿ
ಕಿಟಕಿ ಪಕ್ಕದ ಸೀಟು ಹಿಡಿದು
ಜಗಳೂರಿಗೆ ಹೋಯಿತು.