ಆಧಾರ ಬೇಕು

ಗ್ರಿಮ್ಸ್‌ಬಿ ಬಂದರಿನ ಮೇಲೆ ಮಂಜು.
ಈನಿಡ್ ಹೋಲ್ರಾಯ್ಡ್ ಕನ್ನಡಕ ಒರೆಸಿಕೊಂಡು
ವಿಶ್ವಕೋಶದ ಲೇಖನ ತಿದ್ದುತ್ತಾಳೆ:
ಮೂರನೇ ಸರಣಿ, ಆರನೇ ಕಂತು,
ಪಾದ್ರಿ ಮದುವೆಯ ಕೇಕು ಸಮೇತ ಕೊಳಕ್ಕೆ ಬೀಳುವುದು.

ಕಥಾಸಾರ ಉದ್ದವಾಯಿತು.
'ಬಹಳ ತಮಾಷೆಯಾಗಿದೆ' — ಯಾರ ಪ್ರಕಾರ? ತೆಗೆಯಿರಿ.
ಕೊಳದ ಆಳ ಎರಡಡಿ: ಅಡಿಟಿಪ್ಪಣಿ ಇದೆ, ಇರಲಿ.

ನೋಡಿಯೇ ಬಿಡೋಣವೆಂದು ಕಂತು ಹಾಕಿದಳು.
ಪಾದ್ರಿ ಇನ್ನೂ ದಡದಲ್ಲೇ ಇದ್ದಾನೆ,
ಅಷ್ಟರಲ್ಲೇ ಒಂದು ನಗು,
ಬಿಕ್ಕಳಿಕೆಯಂಥದು, ಎಲ್ಲರಿಗಿಂತ ಮೊದಲು.

ಡಿಲಿಸ್ ಚಿಕ್ಕಮ್ಮ!
ಸ್ಟುಡಿಯೋದ ನೆಲ ಒರೆಸುತ್ತಿದ್ದವಳು;
ಕುರ್ಚಿ ಖಾಲಿ ಇವೆಯೆಂದು ಕೂರಿಸಿದ್ದರಂತೆ.
ತಾಲೀಮು ನೋಡಿದ್ದಳಲ್ಲ, ಬೀಳುವುದು ಗೊತ್ತಿತ್ತು.

ಇದಕ್ಕೆ ಆಧಾರ?
ಪತ್ರಿಕೆಯಲ್ಲಿಲ್ಲ, ಪುಸ್ತಕದಲ್ಲಿಲ್ಲ.
ತಾನೇ ಸೇರಿಸಿದ ಸಾಲನ್ನು ತಾನೇ ಹೊಡೆದುಹಾಕಿ
'ಲೇಖನ ಸರಿಯಿದೆ' ಎಂದು ಷರಾ ಬರೆದಳು.

ಆಮೇಲೆ ಹಿಂದಕ್ಕೆ ಒತ್ತಿದಳು.
ಪಾದ್ರಿ ನೀರಿನಿಂದೆದ್ದು, ಒಣಗಿ,
ಕೇಕು ಸಮೇತ ದಡ ಹತ್ತಿದ.