ಹನ್ನೆರಡು ನಿಮಿಷ

ಹಗಲೆಲ್ಲ ನಾರಾಯಣ ಪೇಠೆಯ ಅಂಗಡಿಯಲ್ಲಿ
ಪಾಸ್‌ಪೋರ್ಟ್ ಫೋಟೋ:
ಗದ್ದ ತುಸು ಮೇಲೆ, ಕಿವಿ ಕಾಣಲಿ, ನಗಬೇಡಿ.
ಶನಿವಾರ ರಾತ್ರಿ ಮಾತ್ರ ಸಿಂಹಗಡದ ಬುಡದಲ್ಲಿ
ಟ್ರೈಪಾಡ್ ಕಾಲಿಗೆ ಕಲ್ಲು ಒತ್ತಿ ಕೂರುತ್ತೇನೆ.
ಈ ಗಿರಾಕಿಗೆ ಏನೂ ಹೇಳಬೇಕಿಲ್ಲ,
ಕಣ್ಣು ಮಿಟುಕಿಸುವುದಿಲ್ಲ.

ನಾಲ್ಕೂವರೆ. ಶಟರ್ ತೆರೆದಿಟ್ಟೆ, ಹನ್ನೆರಡು ನಿಮಿಷ.
ಬೆನ್ನ ಹಿಂದೆ ಪುಣೆಯ ಕಿತ್ತಳೆ ಮಬ್ಬು,
ಎದುರಿಗೆ ಕಪ್ಪು,
ಕಪ್ಪಿನ ನೆತ್ತಿಗೆ ಟಿವಿ ಗೋಪುರದ ಕೆಂಪು ಬೊಟ್ಟು.
ಅಷ್ಟರಲ್ಲಿ ಕಾಲುದಾರಿಗೊಂದು ಬ್ಯಾಟರಿ ಬೆಳಕು ಬಂತು.
ಏರಿತು, ತಿರುಗಿತು, ನಿಂತಿತು,
ಮತ್ತೆ ಏರಿತು.
ಕೆಟ್ಟಿತು ಚಿತ್ರ, ಬೈದುಕೊಂಡೆ.

ಬೆಳಕು ಹರಿವಾಗ, ಮೇಲೆ, ಪುಣೆ ದರವಾಜೆಯ ಬಳಿ
ಮಡಕೆ ಮೊಸರಿನ ತಾನೂಬಾಯಿ
ಕ್ಯಾಮೆರಾದ ಬೆನ್ನಿಗೆ ಕಣ್ಣು ಕಿರಿದಾಗಿಸಿ ಕೇಳಿದಳು:
"ಈ ಗೀಟು ನಂದಾ? ಮತ್ತೆ ನಾನೆಲ್ಲಿ?"
ನಡೆಯುವವರು ಇದರಲ್ಲಿ ಮೂಡುವುದಿಲ್ಲ, ಅಂದೆ.

ಅವಳ ಉಗುರು ಗೀಟಿನ ಗುಂಟ ಹತ್ತಿತು,
ಬೆಳಕು ಹೆಪ್ಪುಗಟ್ಟಿದಲ್ಲೆಲ್ಲ ತಡೆಯುತ್ತ.
"ಇಲ್ಲಿ ಎಡಮಂಡಿ.
ಇಲ್ಲೂ ಅದೇ ಮಂಡಿ.
ಇಲ್ಲಿ... ಇಲ್ಲಿ ನೋವಿರಲಿಲ್ಲ.
ಕೆಳಗೆ ಯಾರೋ ಸಣ್ಣ ಕೆಂಪು ದೀಪ ಹಚ್ಚಿಕೊಂಡು
ಒಬ್ಬನೇ ಕೂತಿದ್ದ.
ಹುಚ್ಚನೇ ಇರಬೇಕು ಅಂತ
ನಿಂತು ನೋಡುತ್ತಿದ್ದೆ."